ಹೆಸರು ನೋಡಿ ತುಂಬಿದ ಕಾಲಂ

ಮೂವತ್ತೈದು ವರ್ಷ ಕ್ಯಾಮಿಲಸ್ ಲೋಬೊ ಯಾರ ಧರ್ಮವನ್ನೂ ಕೇಳಲಿಲ್ಲ. ಹೆಸರು ನೋಡಿ ತುಂಬಿದರು. ಅದು ಸೌಜನ್ಯವೆಂದು ಅವರು ತಿಳಿದಿದ್ದರು. ಅರ್ಧ ಸೌಜನ್ಯವೇ, ಇನ್ನರ್ಧ ಸೋಮಾರಿತನ. ಆದರೆ ಮೂವತ್ತೈದು ವರ್ಷ ಸಿಕ್ಕಿಬೀಳದೆ ನಡೆದ ಸೋಮಾರಿತನಕ್ಕೆ ಜನ ಅನುಭವ ಎಂದು ಹೆಸರಿಡುತ್ತಾರೆ.

ಅವರ ಕೆಲಸ ದುಬೈಯ ನೈಫ್‌ನಲ್ಲಿ, ಸೂಟ್‌ಕೇಸಿನ ಅಂಗಡಿಗೂ ಮೊಬೈಲ್ ರಿಪೇರಿಯವನಿಗೂ ನಡುವೆ ಒತ್ತಿಕೊಂಡಿರುವ ಟೈಪಿಂಗ್ ಸೆಂಟರಿನಲ್ಲಿ. ವೀಸಾ, ಎಮಿರೇಟ್ಸ್ ಐಡಿ, ಬಾಡಿಗೆ ಕರಾರು, ಹೀಗೆ ಸರಕಾರಕ್ಕೆ ಸಲ್ಲಬೇಕಾದ ಅರ್ಜಿಗಳನ್ನು ಅರಬಿಯಲ್ಲಿ ಟೈಪ್ ಮಾಡಿಕೊಡುವ ಜಾಗ ಅದು. ಮಾಲಕರು ಮಂಜನಾಡಿ ಕಡೆಯ ಬ್ಯಾರಿ, ಅಲಿಕುಂಞಿ ಹಾಜಿ. ಕ್ಯಾಮಿಲಸ್ ಬಂಟ್ವಾಳದ ಮೊಡಂಕಾಪಿನ ಕೊಂಕಣಿ ಕ್ರೈಸ್ತರು. ಹಾಜಿ ಇವರನ್ನು ಊರಿನ ರೂಢಿಯಂತೆ ‘ಪೊರ್ಬುಗಳೇ’ ಎಂದು ಕರೆಯುತ್ತಾರೆ, ಇವರು ಅವರನ್ನು ‘ಹಾಜಿಯೋರೇ’ ಎಂದು. ಜಗಳ ತುಳುವಿನಲ್ಲಿ, ಉಳಿದ ಮಾತು ಕನ್ನಡದಲ್ಲಿ. ಮೂವತ್ತೈದು ವರ್ಷದಲ್ಲಿ ತುಳುವಿಗೆ ಅಷ್ಟೇನೂ ಕೆಲಸ ಬಿದ್ದಿಲ್ಲ.

ಅರ್ಜಿಯಲ್ಲಿ ಹೆಸರು, ತಾಯಿಯ ಹೆಸರು, ಹುಟ್ಟಿದ ಊರು ಇವೆಲ್ಲ ಆದಮೇಲೆ ಧರ್ಮ ಎಂಬ ಕಾಲಂ ಬರುತ್ತದೆ. ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಿನ ಪುಟಕ್ಕೆ ಬಿಡುವುದಿಲ್ಲ. ಡಿಸೋಜ ಬಂದರೆ ಕ್ರೈಸ್ತ, ಶೆಟ್ಟಿ ಬಂದರೆ ಹಿಂದೂ, ಸಿದ್ದೀಕ್ ಬಂದರೆ ಮುಸಲ್ಮಾನ. ಕೇರಳದ ಕೆಲವು ಹೆಸರುಗಳು ಮಾತ್ರ ಯಾವ ಕಡೆಗೂ ಸೇರದೆ ತೊಂದರೆ ಕೊಡುತ್ತಿದ್ದವು. ಆಗ ತಂದೆಯ ಹೆಸರು ನೋಡಿದರೆ ಬಗೆಹರಿಯುತ್ತಿತ್ತು. ನಮ್ಮ ಕಡೆಯ ಜನ ಮಗುವಿಗೆ ಹೆಸರಿಡುವಾಗಲೇ ಅರ್ಧ ಅರ್ಜಿ ತುಂಬಿಸಿಟ್ಟಿರುತ್ತಾರೆ ಎಂಬುದು ಕ್ಯಾಮಿಲಸರ ಸಿದ್ಧಾಂತ.

ಸ್ವಂತ ಮಗಳು ಶೆರಿಲ್‌ಳ ಮೊದಲ ವೀಸಾ ಅರ್ಜಿಯನ್ನೂ ಅವರೇ ಟೈಪ್ ಮಾಡಿದ್ದು. ಮಗುವಿಗೆ ಆಗ ನಲವತ್ತು ದಿನ. ಊರಿಗೆ ಹೋಗಿ ಜ್ಞಾನಸ್ನಾನ ಮಾಡಿಸಿದ್ದು ನಾಲ್ಕನೆಯ ತಿಂಗಳಲ್ಲಿ. ಅಂದರೆ ಇಗರ್ಜಿಯ, ಎಂದರೆ ಚರ್ಚಿನ, ಪುಸ್ತಕಕ್ಕಿಂತ ಮೊದಲೇ ದುಬೈ ಸರಕಾರದ ಪುಸ್ತಕದಲ್ಲಿ ಶೆರಿಲ್ ಕ್ರೈಸ್ತಳಾಗಿದ್ದಳು. “ಪಾದ್ರಿ ನೀರು ಹಾಕುವ ಮೊದಲೇ ಇವರು ಕೀಬೋರ್ಡ್‌ನಲ್ಲಿ ಮುಗಿಸಿದ್ರು” ಎಂದು ಅವರ ಹೆಂಡತಿ ಮಗ್ದಲೀನ್ ಇಂದಿಗೂ ಬಂದವರೆದುರು ಹೇಳುತ್ತಾರೆ. ಕ್ಯಾಮಿಲಸ್ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಾರೆ.

ಶೆರಿಲ್ ಬೆಳೆದದ್ದು ಅಲ್ ನಹ್ದಾದ ಫ್ಲ್ಯಾಟಿನಲ್ಲಿ, ಆಗಿನ ದುಬೈಯ ಪದ್ಧತಿಯಂತೆ ಶುಕ್ರವಾರ ಇಗರ್ಜಿಯ ಪೂಜೆಗೆ ಹೋಗುತ್ತ. ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯನ್ನು ಜನ ಶುಕ್ರವಾರವೇ ಮುಗಿಸುತ್ತಿದ್ದರು. ದೇವರಿಗೆ ಇದರಿಂದ ಗೊಂದಲವಾದ ಸುದ್ದಿ ಬಂದಿಲ್ಲ. ನರ್ಸಿಂಗ್ ಓದಿದ ಮೇಲೆ ಅವಳು ಅಮೆರಿಕದ ಒಹಾಯೊ ಕಡೆಯ ಒಂದು ಆಸ್ಪತ್ರೆಗೆ ಹೋದಳು. ಅಲ್ಲಿಂದ ಪ್ರತಿ ಭಾನುವಾರ ಫೋನು. ಮಗ್ದಲೀನ್ ಫೋನನ್ನು ಕಿವಿಗೆ ಹಿಡಿದು ಅರ್ಧ ಗಂಟೆ ಮಾತಾಡುತ್ತಿದ್ದರು. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಕೊಂಕಣಿಯಲ್ಲಿ ಮಗಳನ್ನು ಕರೆಯುವಂತೆ ಬಾಯ್ ಎಂದು ಕರೆದು ಕೇಳುತ್ತಿದ್ದರು: “ಪೂಜೆಗೆ ಹೋದಿಯಾ ಬಾಯ್?”

“ಯೆಸ್ ಮಮ್ಮಿ, ಹೋದೆ.”

ಪೇಪರು ಓದುತ್ತಿದ್ದ ಕ್ಯಾಮಿಲಸ್ ತಲೆಯಾಡಿಸುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು, ಸ್ಪೀಕರ್ ಸೇರಿಕೊಂಡದ್ದು ಮಾತ್ರ ನಡುವೆ ಎಲ್ಲೋ. ಆ ಒಂದು ಪ್ರಶ್ನೆಗೆ ಮಾತ್ರ ಸ್ಪೀಕರ್ ಯಾಕೆ ಎಂದು ಅವರು ಯೋಚಿಸಲಿಲ್ಲ. ಕೇಳಬಾರದ್ದನ್ನು ಕೇಳದಿರುವುದು ಅವರ ವೃತ್ತಿಯಲ್ಲವೇ.

ಅಲ್ ನಹ್ದಾದ ಕೊಂಕಣಿ ಮನೆಗಳಲ್ಲಿ ವಾರಕ್ಕೊಮ್ಮೆ ನಡೆಯುವ ತೇರ್ಸಿಗೆ, ಅಂದರೆ ಜಪಸರ ಪ್ರಾರ್ಥನೆಗೆ, ಕ್ಯಾಮಿಲಸರೇ ಮುಂದಾಳು. ಕೆಲವು ವರ್ಷಗಳ ಹಿಂದೆ ಕೆಳಗಿನ ಮಹಡಿಯ ವಿಕ್ಟರ್ ತನ್ನ ಮಗ ಇಗರ್ಜಿಗೆ ಬರುವುದನ್ನು ಬಿಟ್ಟ ದುಃಖವನ್ನು ತೇರ್ಸ್ ಮುಗಿದ ಮೇಲೆ ಎಲ್ಲರೆದುರು ಹೇಳಿಕೊಂಡಿದ್ದ. ಕ್ಯಾಮಿಲಸ್ ಚಹಾದ ಕಪ್ಪನ್ನು ಕೆಳಗಿಟ್ಟು, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ ವಿಕ್ಟರ್? ಸಣ್ಣದಿರುವಾಗ ನೋಡ್ಬೇಕಿತ್ತು” ಎಂದರು. ವಿಕ್ಟರ್ ಮುಂದಿನ ವಾರ ಬರಲಿಲ್ಲ. ಅವನಿಗೆ ನೈಟ್ ಡ್ಯೂಟಿ ಇರಬೇಕು ಎಂದುಕೊಂಡರು ಕ್ಯಾಮಿಲಸ್.

ಹೀಗೆ ಎಲ್ಲವೂ ಸರಿಯಾಗಿರುವಾಗ ಅಮೆರಿಕದವರು ಬಂದರು.

ಹೊಸದಾಗಿ ತೆರೆದ ಒಂದು ಶಾಲೆ ಮೇಷ್ಟ್ರುಗಳನ್ನು ಅಮೆರಿಕದಿಂದ ತರಿಸಿ, ಅವರ ಅರ್ಜಿಗಳನ್ನು ಹಾಜಿಯ ಸೆಂಟರಿಗೆ ವಹಿಸಿತು. ಮೊದಲ ವರ್ಷದ ಆಗಸ್ಟಿನಲ್ಲಿ ಕ್ಯಾಮಿಲಸರ ಮುಂದೆ ಪಾಸ್‌ಪೋರ್ಟುಗಳ ಕಟ್ಟು ಬಂದು ಬಿತ್ತು. ಜೋಸೆಫ್, ಮೇರಿ, ಪೀಟರ್, ಕ್ಯಾಥರಿನ್, ಕ್ರಿಸ್ಟೊಫರ್. ಸಂತರ ಪಟ್ಟಿಯನ್ನೇ ಓದಿದ ಹಾಗಿತ್ತು. ಇಷ್ಟು ಸುಲಭದ ಕೆಲಸ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಒಂದೇ ಬೆಳಿಗ್ಗೆ ಅಷ್ಟೂ ಜನರನ್ನು ಕ್ರೈಸ್ತರನ್ನಾಗಿ ಮಾಡಿ, ಊಟಕ್ಕೆ ಎದ್ದರು. ಯಾವ ಮಿಶನರಿಗೂ ಆಗದ ಕೆಲಸ.

ಎಂಟು ತಿಂಗಳ ನಂತರ ಕ್ರಿಸ್ಟೊಫರ್ ವಾಪಸು ಬಂದ. ಆರಡಿ ಎತ್ತರದ, ಮೆಲುದನಿಯ ಗಣಿತದ ಮೇಷ್ಟ್ರು. ಡೆಟ್ರಾಯಿಟ್‌ನಲ್ಲಿರುವಾಗಲೇ ಅವನು ಇಸ್ಲಾಮಿಗೆ ಸೇರಿ ಹತ್ತು ವರ್ಷವಾಗಿತ್ತು. ಹೆಸರು ಬದಲಾಯಿಸಿರಲಿಲ್ಲ, ಅದು ಅಜ್ಜಿ ಇಟ್ಟ ಹೆಸರಂತೆ. ಈಗ ಶಾರ್ಜಾದ ಹುಡುಗಿಯೊಬ್ಬಳ ಜೊತೆ ನಿಕಾಹ್ ಗೊತ್ತಾಗಿತ್ತು. ಮದುವೆ ನೋಂದಾಯಿಸುವ ಕಚೇರಿಯಲ್ಲಿ ನೋಡಿದರೆ ಇವನ ದಾಖಲೆ ಕ್ರೈಸ್ತ ಎನ್ನುತ್ತದೆ, ಕೈಯಲ್ಲಿರುವ ಪ್ರಮಾಣಪತ್ರ ಮುಸ್ಲಿಮ್ ಎನ್ನುತ್ತದೆ. ಅರಬಿ ಓದಲು ಬಾರದೆ ಸಹಿ ಹಾಕಿದ್ದು ತನ್ನದೇ ತಪ್ಪು ಎಂದು ಅವನು ತಾನೇ ಕ್ಷಮೆ ಕೇಳಿದ. ಕ್ಯಾಮಿಲಸರಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತಿದ್ದುಪಡಿ ಆಗುವಷ್ಟರಲ್ಲಿ ಮದುವೆ ಹದಿನೈದು ದಿನ ಮುಂದೆ ಹೋಯಿತು.

ಅವನು ಹೋದಮೇಲೆ ಹಾಜಿ ಸ್ವಲ್ಪ ಹೊತ್ತು ತಸ್ಬಿಯ ಜಪಮಣಿ ಎಣಿಸಿದರು.

“ಪೊರ್ಬುಗಳೇ, ಅವನ ಧರ್ಮ ಎಂತ ಅಂತ ನೀವು ಕೇಳ್ಲಿಲ್ವಾ?”

“ಕ್ರಿಸ್ಟೊಫರ್ ಅಂತ ಇತ್ತಲ್ಲ ಹಾಜಿಯೋರೇ. ಹೆಸರಿನೊಳಗೇ ಕ್ರಿಸ್ತ ಇದ್ದಾನೆ. ಮತ್ತೆ ಎಂತ ಕೇಳುದು?”

“ಇನ್ನು ಮುಂದೆ ಕೇಳಿ. ಯಾರೇ ಬರ್ಲಿ, ಅವರ ಬಾಯಿಂದ್ಲೇ ಬರ್ಬೇಕು. ಬರೆದದ್ದನ್ನು ಅವರಿಗೆ ಓದಿ ಹೇಳ್ಬೇಕು. ಆಮೇಲೆ ಸಹಿ. ಖಲಾಸ್.”

ತುಳುವಿನಲ್ಲಿ ಹೇಳಲಿಲ್ಲ, ಆದ್ದರಿಂದ ಅದು ಜಗಳವಲ್ಲ, ನಿಯಮ.

ಅಂದಿನಿಂದ ಕ್ಯಾಮಿಲಸ್ ಕೇಳತೊಡಗಿದರು. ಮೊದಮೊದಲು ಪರಸ್ತ್ರೀಯ ವಯಸ್ಸು ಕೇಳಿದಷ್ಟು ಸಂಕೋಚವಾಯಿತು. ಮುಂದಿನ ಆಗಸ್ಟಿನಲ್ಲಿ ಬಂದ ಮೇಷ್ಟ್ರುಗಳ ಹೊಸ ತಂಡದಲ್ಲಿ ಮೇರಿ ಎಂಬಾಕೆ ಬೌದ್ಧಳೆಂದಳು. ಅವಳ ಅಜ್ಜ ಪಾದ್ರಿಯಾಗಿದ್ದನಂತೆ. ಅನಿತಾ ರಾವ್ ಎಂಬಾಕೆಯ ತಂದೆ ಹಿಂದೂ, ತಾಯಿ ಯಹೂದಿ, ಮನೆಯಲ್ಲಿ ಎರಡು ಕಡೆಯ ಹಬ್ಬವೂ ಇತ್ತು, ಅವಳಿಗೆ ಎರಡು ಕಡೆಯ ತಿಂಡಿ ಮಾತ್ರ ಬೇಕಿತ್ತು. ವಿಯೆಟ್ನಾಮಿನ ಹೆಸರಿನ ಹುಡುಗನೊಬ್ಬ ಬಂದಾಗ ಕ್ಯಾಮಿಲಸರ ಬೆರಳು ತಾನಾಗಿ ಬೌದ್ಧ ಎಂಬಲ್ಲಿಗೆ ಹೋಗಿತ್ತು. ಅವನು ಕಥೋಲಿಕ್ ಎಂದದ್ದಲ್ಲದೆ ಇಂಗ್ಲಿಷ್ ಪೂಜೆ ಎಷ್ಟು ಗಂಟೆಗೆ ಎಂದೂ ವಿಚಾರಿಸಿದ. ಅವನಿಗೆ ಚಹಾ ಬಂತು. ಮತ್ತೊಬ್ಬಳು, ತನಗೆ ಅಧ್ಯಾತ್ಮ ಉಂಟು ಧರ್ಮ ಇಲ್ಲ ಎಂದಳು. ಎರಡರಲ್ಲಿ ಯಾವುದನ್ನು ಒತ್ತಲಿ ಎಂದು ಇವರು ಕೇಳಿದರು. ಅವಳು ಅದನ್ನು ಆಳವಾದ ಪ್ರಶ್ನೆ ಎಂದು ತಿಳಿದು ಸುಮ್ಮನೆ ಕುಳಿತಳು. ಹಿಂದೆ ಸಾಲು ಬೆಳೆಯಿತು.

ಹೆಚ್ಚಿನವರ ಉತ್ತರ ಮಾತ್ರ ಸಣ್ಣದು. ಏನೂ ಇಲ್ಲ. ಸಿಟ್ಟಿನಿಂದಲ್ಲ, ಬಂಡಾಯದಿಂದಲ್ಲ, ಸಕ್ಕರೆ ಬೇಡ ಎಂದಷ್ಟು ಸಹಜವಾಗಿ. ಅದೇ ತಂಡದ ಪೀಟರ್ ಎಂಬವನನ್ನು ಇವರು ಬಿಡಲಿಲ್ಲ. ಮೊದಲು ಯಾವುದಿತ್ತು ಎಂದರು. ಮೊದಲೂ ಇರಲಿಲ್ಲ, ತನ್ನ ತಂದೆಗೂ ಇರಲಿಲ್ಲ ಎಂದ ಅವನು. ಪಟ್ಟಿಯಲ್ಲಿ ‘ಇಲ್ಲ’ ಎಂಬುದು ಇಲ್ಲದ ಕಾರಣ ಅಂಥವರನ್ನೆಲ್ಲ ಕ್ಯಾಮಿಲಸ್ ಕಟ್ಟಕಡೆಯ ‘ಇತರೆ’ಗೆ ತಳ್ಳುತ್ತಿದ್ದರು. ಮೂವತ್ತೈದು ವರ್ಷದಲ್ಲಿ ನಾಲ್ಕೈದು ಸಲ ಮುಟ್ಟಿದ್ದ ಆ ಸಾಲಿಗೆ ಈಗ ಬೆರಳು ದಾರಿ ಹುಡುಕದೆ ಹೋಗುತ್ತಿತ್ತು.

“ಅಮೇರಿಕದವರೆಲ್ಲ ಕ್ರೈಸ್ತರು ಅಂತ ಗ್ರಹಿಸಿದ್ದೆ ನಾನು” ಎಂದರು ಹಾಜಿ, ಬೇಸರದಿಂದಲೇ. ಯಾವುದೋ ಹಳೆಯ ನೆಂಟರು ಊರು ಬಿಟ್ಟ ಸುದ್ದಿ ಕೇಳಿದ ಹಾಗಿತ್ತು ಅವರ ದನಿ.

“ನಾನು ಸಹ” ಎಂದರು ಕ್ಯಾಮಿಲಸ್.

ಆ ದಿನ ಅವರಿಗೆ ಊಟ ಸೇರಲಿಲ್ಲ. ಯಾಕೆಂದರೆ ಶೆರಿಲ್ ಇದ್ದದ್ದು ಇದೇ ಅಮೆರಿಕದಲ್ಲಿ. ಹೆಸರು ನೋಡಿ ಬರೆಯುವ ಲೆಕ್ಕದಲ್ಲಿ ಶೆರಿಲ್ ಮಗ್ದಲೀನ್ ಲೋಬೊ ಎಂಬುದಕ್ಕಿಂತ ಗಟ್ಟಿ ಹೆಸರು ಬೇರೆ ಇಲ್ಲ. ಆದರೆ ಆ ಲೆಕ್ಕವೇ ಈಗ ಸೆಂಟರಿನಲ್ಲಿ ರದ್ದಾಗಿತ್ತು. ಆ ವಾರದ ಭಾನುವಾರ ಸ್ಪೀಕರಿನಲ್ಲಿ “ಯೆಸ್ ಮಮ್ಮಿ, ಹೋದೆ” ಎಂದು ಬಂದಾಗ ಅವರು ಪೇಪರು ಕೆಳಗಿಳಿಸಿ ಫೋನನ್ನೇ ನೋಡಿದರು. ಫೋನಿನಲ್ಲಿ ಏನೂ ಕಾಣಲಿಲ್ಲ.

ಈ ವರ್ಷ ಶೆರಿಲ್‌ಗೆ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಮಗಳು ಹತ್ತಿರ ಬರುತ್ತಾಳೆಂದು ಮಗ್ದಲೀನ್ ಎಲ್ಲ ಪರದೆಗಳನ್ನೂ ಒಗೆದರು. ಕ್ಯಾಮಿಲಸರಿಗೂ ಸಂತೋಷವೇ. ಆದರೆ ಆಸ್ಪತ್ರೆಯವರು ಐಡಿಯ ಅರ್ಜಿಯನ್ನು ಯಾವುದಾದರೂ ಸೆಂಟರಿನಲ್ಲಿ ಟೈಪ್ ಮಾಡಿಸಿಕೊಂಡು ಬಾ ಎಂದಿದ್ದರು. ಅಪ್ಪನದೇ ಸೆಂಟರ್ ಇರುವಾಗ ಬೇರೆ ಕಡೆ ಹೋಗುವುದುಂಟೇ ಎಂದು ಮಗ್ದಲೀನ್ ಅಂದುಬಿಟ್ಟರು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಕ್ಯಾಮಿಲಸರಿಗೆ ಆ ಕತ್ತಲೆಯನ್ನು ಹಾಗೆಯೇ ಇರಗೊಡುವ ಆಸೆ ಇತ್ತು. ಮಗಳು ಇಲ್ಲ ಎಂದುಬಿಟ್ಟರೆ ಅದನ್ನು ತನ್ನ ಬೆರಳಿನಿಂದಲೇ ಒತ್ತಬೇಕು. ಅವರಿಗೆ ಹೆದರಿಕೆಯಾಯಿತು.

ಹಿಂದಿನ ದಿನ ಹಾಜಿಯ ಮೇಜಿನ ಹತ್ತಿರ ಹೋಗಿ ನಿಂತರು.

“ಹಾಜಿಯೋರೇ, ಆ ಕೇಳುವ ನಿಯಮ ಮನೆಯವರಿಗೂ ಉಂಟಾ?”

ಹಾಜಿ ಇವರ ಮುಖ ನೋಡಿದರು. ಹಾಜಿಯ ಮನೆಯಲ್ಲೂ ಕೆನಡಾದಲ್ಲಿ ಓದಿದ ಮೊಮ್ಮಗಳು ಮಿನ್ಹಾ ಇದ್ದಳು.

“ಬೇಕಾದ್ರೆ ನನ್ನ ಕೌಂಟರಿಗೆ ಕಳ್ಸಿ. ನಾನು ಮಾಡ್ತೇನೆ.”

“ಬೇಡ” ಎಂದರು ಕ್ಯಾಮಿಲಸ್. ಮೊದಲನೆಯದನ್ನು ಟೈಪ್ ಮಾಡಿದವನೇ ಇದನ್ನೂ ಮಾಡಬೇಕು ಎಂಬ ಹಟ ಎಲ್ಲಿಂದಲೋ ಬಂತು.

ಮಂಗಳವಾರ ಬೆಳಿಗ್ಗೆ ಶೆರಿಲ್ ಬಂದಳು. ಟೋಕನ್ ತೆಗೆದು, ಇಬ್ಬರು ಪಾಕಿಸ್ತಾನಿ ಡ್ರೈವರುಗಳ ಹಿಂದೆ ಕುಳಿತು, ಸರದಿ ಬಂದಾಗ ಎದುರಿನ ಕುರ್ಚಿಗೆ ಬಂದಳು. ಕ್ಯಾಮಿಲಸ್ ಕನ್ನಡಕ ಒರೆಸಿಕೊಂಡರು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರು.

“ತಾಯಿಯ ಹೆಸರು?”

“ಪಪ್ಪಾ, ಸೀರಿಯಸ್ಲಿ?”

“ನಿಯಮ.”

“ಮಗ್ದಲೀನ್ ಲೋಬೊ.”

ಟೈಪ್ ಮಾಡಿದರು. ಆಮೇಲೆ ಆ ಕಾಲಂ ಬಂತು. ತೆರೆಯ ಮೇಲೆ ಬಾಣದ ಗುರುತು ಮಿಣುಗುತ್ತಿತ್ತು. ಅವರು ಅದನ್ನೇ ನೋಡುತ್ತ ಕೇಳಿದರು.

“ಧರ್ಮ?”

ಹಿಂದಿನ ಕುರ್ಚಿಯಲ್ಲಿದ್ದವನು ಕೆಮ್ಮಿದ. ಹಾಜಿ ತಮ್ಮ ಮೇಜಿನಲ್ಲಿ ಖಾಲಿಯಾದ ಸ್ಟೇಪ್ಲರಿಗೆ ಪಿನ್ ಹುಡುಕುತ್ತಿದ್ದರು, ಬಹಳ ಹೊತ್ತು ಹುಡುಕಿದರು.

“ನೀವು ಬೇಕಾದ್ದು ಬರೀರಿ ಪಪ್ಪಾ. ಐ ಡೋಂಟ್ ಮೈಂಡ್.”

ಕ್ಯಾಮಿಲಸರ ಬೆರಳ ತುದಿಯಲ್ಲೇ ಇತ್ತು. ಒಂದು ಸಲ ಒತ್ತಿದರೆ ಮುಗಿಯಿತು. ಮಗಳೇ ಒಪ್ಪಿಗೆ ಕೊಟ್ಟಿದ್ದಾಳೆ. ಮನೆಗೆ ಹೋಗಿ ಮಗ್ದಲೀನ್‌ಗೆ ಹೇಳಲು, ತೇರ್ಸಿನಲ್ಲಿ ತಲೆಯೆತ್ತಿ ಕುಳಿತುಕೊಳ್ಳಲು ಅಷ್ಟು ಸಾಕಿತ್ತು. ಆಗ ಅವರಿಗೆ ಆರಡಿಯ ಕ್ರಿಸ್ಟೊಫರ್ ತಲೆ ತಗ್ಗಿಸಿ ಕ್ಷಮೆ ಕೇಳಿದ್ದು ನೆನಪಾಯಿತು.

“ನನಗೆ ಬೇಕಾದ್ದು ಬರೆಯುದಕ್ಕೆ ಇದು ನನ್ನ ಅರ್ಜಿ ಅಲ್ಲ. ನೀನು ಹೇಳ್ಬೇಕು.”

ಶೆರಿಲ್ ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದಳು, ಆಮೇಲೆ ಮನೆಯ ಮಾತಿಗೆ ಇಳಿದಳು. ಒಹಾಯೊಗೆ ಹೋದ ಮೊದಲ ವಾರ, ಅಭ್ಯಾಸ ಬಲದಿಂದ ಶುಕ್ರವಾರ ಇಗರ್ಜಿಗೆ ಹೋದಳಂತೆ. ಬೀಗ ಹಾಕಿತ್ತು. ಭಾನುವಾರ ಹೋದಾಗ ಹನ್ನೊಂದು ಜನ ಮುದುಕರಿದ್ದರು. ಎಲ್ಲರೂ ಇವಳ ಕೈ ಕುಲುಕಿದರು. ವರ್ಷದೊಳಗೆ ಆ ಇಗರ್ಜಿಯನ್ನು ಮಾರಿದರು, ಈಗ ಅಲ್ಲಿ ಮಕ್ಕಳು ಹಗ್ಗ ಕಟ್ಟಿಕೊಂಡು ಗೋಡೆ ಹತ್ತುವುದನ್ನು ಕಲಿಯುತ್ತಾರೆ. ಇನ್ನೊಂದು ಇಗರ್ಜಿ ನಲವತ್ತು ನಿಮಿಷ ದೂರ. ವಾರ್ಡಿನಲ್ಲಿ ಜೊತೆಗಿದ್ದವರು ಒಬ್ಬಳು ಸೊಮಾಲಿಯ ಮುಸ್ಲಿಮ್, ಒಬ್ಬಳು ನೇಪಾಳಿ ಹಿಂದೂ, ಉಳಿದವರು ಏನೂ ಅಲ್ಲ. ಸಾಯುವ ರೋಗಿಗಳ ಹಾಳೆಯಲ್ಲೂ ಈ ಕಾಲಂ ಇರುತ್ತಿತ್ತು, ಅರ್ಧ ಜನರದ್ದು ಇಲ್ಲ ಎಂದೇ. ಅಂಥವರಿಗೆ ಪಾದ್ರಿ ಬರುವುದಿಲ್ಲವಾದ್ದರಿಂದ ಇವಳೇ ಕೈ ಹಿಡಿದು ಕುಳಿತುಕೊಳ್ಳುತ್ತಿದ್ದಳು.

“ದೊಡ್ಡ ಕಾರಣ ಅಂತ ಎಂತ ಇಲ್ಲ ಪಪ್ಪಾ. ಒಂದು ವಾರ ಹೋಗ್ಲಿಲ್ಲ. ಮತ್ತೊಂದು ವಾರ ಹೋಗ್ಲಿಲ್ಲ. ಒಂದು ದಿನ ನೋಡ್ವಾಗ, ಅದು ನನ್ನತ್ರ ಇರ್ಲಿಲ್ಲ.”

“ಹಾಗಾದ್ರೆ?”

“ಇಲ್ಲ. ಬರೀರಿ.”

ಕ್ಯಾಮಿಲಸ್ ಪಟ್ಟಿಯ ಕೊನೆಯವರೆಗೆ ಇಳಿದು ‘ಇತರೆ’ ಒತ್ತಿದರು. ಕಂಪ್ಯೂಟರು ಯಾವ ತಕರಾರೂ ಇಲ್ಲದೆ ಮುಂದಿನ ಪುಟಕ್ಕೆ ಬಿಟ್ಟಿತು. ಅವರು ಮುದ್ರಿಸಿ, ಅರಬಿಯ ಒಂದೊಂದು ಸಾಲನ್ನೂ ಮಗಳಿಗೆ ಓದಿ ಹೇಳಿದರು. ಆ ಸಾಲನ್ನೂ ಬಿಡದೆ ಓದಿದರು. ಶೆರಿಲ್ ಸಹಿ ಹಾಕಿದಳು. ಹಾಜಿ ತಾವೇ ಎದ್ದುಬಂದು ಅವಳಿಗೆ ಚಹಾ ಕೊಟ್ಟರು. ಸಕ್ಕರೆ ಬೇಕಾ ಎಂದು ಕೇಳಿ ಕೊಟ್ಟರು.

ಸಂಜೆ ಮನೆಗೆ ಹೋಗುವಾಗ ಮೆಟ್ರೊದಲ್ಲಿ ಕ್ಯಾಮಿಲಸ್ ಒಂದೇ ಯೋಚಿಸುತ್ತಿದ್ದರು: ಮಗ್ದಲೀನ್‌ಗೆ ಹೇಗೆ ಹೇಳುವುದು. ಬಿ.ಪಿ. ಮಾತ್ರೆ ತಿನ್ನುವ ಹೆಂಗಸು. ಶೆರಿಲ್ ಅಷ್ಟರಲ್ಲಿ ಅಬುಧಾಬಿ ಬಸ್ಸು ಹತ್ತಿಯಾಗಿತ್ತು. ಬಾಗಿಲಲ್ಲೇ ಹೇಳಿಬಿಟ್ಟರು.

“ಧರ್ಮದ ಕಾಲಂನಲ್ಲಿ ಶೆರಿಲ್ ಇಲ್ಲ ಅಂತ ಹೇಳಿದಳು.”

ಮಗ್ದಲೀನ್ ಮೀನು ಕೊಯ್ಯುತ್ತಿದ್ದರು. ಕತ್ತಿ ನಿಲ್ಲಲಿಲ್ಲ.

“ನೀವು ಎಂತ ಬರೆದ್ರಿ?”

“ಅವಳು ಹೇಳಿದ್ದೇ ಬರೆದೆ.”

ಈಗ ಕತ್ತಿ ನಿಂತಿತು. ಮಗ್ದಲೀನ್ ತಿರುಗಿ ಗಂಡನನ್ನು ನೋಡಿದರು, ಮೂವತ್ತಮೂರು ವರ್ಷದಲ್ಲಿ ನೋಡದೇ ಇದ್ದ ಏನನ್ನೋ ನೋಡಿದ ಹಾಗೆ.

“ನನಗೆ ನಾಲ್ಕು ವರ್ಷದಿಂದ ಗೊತ್ತುಂಟು” ಎಂದರು.

“ಮತ್ತೆ ಆ ಫೋನು? ಪೂಜೆಗೆ ಹೋದಿಯಾ ಅಂತ ಕೇಳುದು, ಅವಳು ಹೋದೆ ಅಂತ ಹೇಳುದು?”

“ಅದು ನಿಮಗೆ. ನೀವು ವಿಕ್ಟರನಿಗೆ ಹೇಳಿದ್ರಲ್ಲ, ಎಲ್ಲರೆದುರು, ಗಿಡ ಮರ ಅಂತ? ಅವ ಆವತ್ತು ಮೆಟ್ಟಿಲಲ್ಲಿ ಕೂತು ಅತ್ತಿದ್ದ. ಶೆರಿಲ್ ನನಗೆ ಹೇಳಿದ್ದು ಅದೇ ತಿಂಗಳು. ಪಪ್ಪನಿಗೆ ಹೇಳ್ಲಾ ಅಂತ ಕೇಳಿದಳು. ನಾನೇ ಬೇಡ ಅಂದೆ. ಮಗಳನ್ನೂ ಹಾಗೆ ಮೆಟ್ಟಿಲಲ್ಲಿ ಕೂರಿಸ್ಬೇಕಾ?”

ಕ್ಯಾಮಿಲಸ್ ಶೂ ಬಿಚ್ಚದೆ ಕುರ್ಚಿಯಲ್ಲಿ ಕುಳಿತರು. ಮಗಳು ಇಲ್ಲ ಎಂದಾಗ ಆದದ್ದು ದುಃಖ. ಇದು ಅದಲ್ಲ, ಇದು ನಾಚಿಕೆ. ಊರವರ ಧರ್ಮ ಕೇಳದೆ ತುಂಬಿದ್ದೇನೋ ಸರಿ, ಸ್ವಂತ ಮನೆಯಲ್ಲಿ ಇಬ್ಬರು ಹೆಂಗಸರು ನಾಲ್ಕು ವರ್ಷ ತನಗೆ ಬೇಕಾದ ಉತ್ತರವನ್ನೇ ತುಂಬಿಕೊಟ್ಟು, ಸ್ಪೀಕರಿನಲ್ಲಿ ಓದಿ ಹೇಳಿದ್ದರು. ತಾನು ತಲೆಯಾಡಿಸಿ ಸಹಿ ಹಾಕಿದ್ದಾಯಿತು.

ಆಮೇಲೆ ಎದ್ದು ಕೆಳಗಿನ ಮಹಡಿಗೆ ಹೋಗಿ ವಿಕ್ಟರನ ಬೆಲ್ ಒತ್ತಿದರು. ವಿಕ್ಟರ್ ಲುಂಗಿಯಲ್ಲಿ ಬಂದ. ಏನು ವಿಷಯ ಎಂದು ಕೇಳಿದ. ಕ್ಯಾಮಿಲಸ್ ಹೇಳಬೇಕಾದ್ದನ್ನು ಹೇಳಿದರು, ಅದಕ್ಕೆ ಎರಡು ನಿಮಿಷ ಹಿಡಿಯಿತು. ವಿಕ್ಟರ್ ಒಳಗೆ ಬನ್ನಿ ಎಂದ.

ಭಾನುವಾರ ಫೋನು ಬಂತು. ರಜೆಯ ದಿನ ಬದಲಾಗಿ ಈಗ ದುಬೈಯಲ್ಲೂ ಭಾನುವಾರವೇ ಭಾನುವಾರ. ಇಬ್ಬರೂ ಪೂಜೆ ಮುಗಿಸಿ ಬಂದಿದ್ದರು. ಮಗ್ದಲೀನ್ ಅರ್ಧ ಗಂಟೆ ಮಾತಾಡಿದರು. ಆಮೇಲೆ ವರ್ಷಗಳ ಅಭ್ಯಾಸ ನೋಡಿ, ಕೈ ತಾನಾಗಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿತು.

“ಪೂಜೆಗೆ ಹೋ...” ಎಂದವರು ಅಲ್ಲಿಗೇ ನಿಲ್ಲಿಸಿದರು.

ಕ್ಯಾಮಿಲಸ್ ಪೇಪರು ಮಡಚಿಟ್ಟು, ಸ್ಪೀಕರ್ ಆರಿಸಿ, ಫೋನನ್ನು ತಮ್ಮ ಕಿವಿಗಿಟ್ಟುಕೊಂಡರು.

“ಊಟಕ್ಕೆ ಎಂತ ಮಾಡಿದಿ ಬಾಯ್?”

“ನಿಜ ಹೇಳ್ಬೇಕಾ ಪಪ್ಪಾ?”

“ಹೇಳು.”

“ಮ್ಯಾಗಿ.”

ಕ್ಯಾಮಿಲಸ್ ನಂಬಿದರು.